ಜೋಕಾಲಿ ಮ್ಯಾಲಿಂದ ಗುರಿ ಹಿಡದಂವ

ಪಂಚಮಿಗೆ ನಮ್ಮೂರಾಗ, ಅಣ್ಣಿಗೇರಿ ಕಡೆ, ಬೇವಿನ ಗಿಡಕ್ಕ ಜೋಕಾಲಿ ಕಟ್ಟಿದಾಗ ನಾವು ಹುಡುಗ್ರು ಒಂದು ಆಟ ಆಡ್ತಿದ್ವಿ. ಜೋಕಾಲಿ ಜೋರಾಗಿ ಜೀಕೂ ಮುಂದ ಕೈಯಾಗಿನ ಲಿಂಬಿಹಣ್ಣು ಒಗದು ಎದುರಿನ ಕಟ್ಟಿ ಮ್ಯಾಲಿಟ್ಟ ತಂಬಿಗಿಗೆ ಹೊಡೀಬೇಕು. ನೆಲದ ಮ್ಯಾಲೆ ನಿಂತ್ರ ಹತ್ತಕ್ಕ ಎಂಟು ಹೊಡ್ಯೂ ಹುಡುಗ್ರು ಜೋಕಾಲಿ ಹತ್ತಿದ್ರ ಹತ್ತಕ್ಕ ಒಂದು ಬಡಿಯೋದೂ ಕಷ್ಟ ಆಗ್ತಿತ್ತು. ತಂಬಿಗಿ ಸಮಕ್ಕ ಬಂತು ಅಂತ ಕಣ್ಣು ಹೇಳಿ, ಕೈ ಬಿಡೂದ್ರಾಗ ಜೋಕಾಲಿ ಮುಂದ ಹೋಗಿಬಿಟ್ಟಿರ್ತಿತ್ತು.

ಇದು ನೆನಪಾಗಿದ್ದು ಮೊನ್ನೆ ಬೆಟಗೇರಿಗೆ ಸೋದರಮಾವನ ಮನಿಗೆ ಹೋದಾಗ. ಮಾಮಾ ನೇವಿಯಾಗ ಇದ್ದಾಂವ, ಕೊಚ್ಚಿಯ ಐಎನ್‌ಎಸ್ ದ್ರೋಣಾಚಾರ್ಯದಾಗ, ಅಂದ್ರ ನಮ್ಮ ನೌಕಾಪಡೆಯ ತೋಪಿನ ವಿದ್ಯೆ ಕಲಸೂ ಗನ್ನರಿ ಸ್ಕೂಲಿನ್ಯಾಗ ಟ್ರೇನಿಂಗ್ ಮಾಡಿ ಹದಿನೈದು ವರ್ಷ ಸಮುದ್ರದ ಮ್ಯಾಲೆ ಕಳದು ಬಂದಾಂವ. ಊಟ ಆಗಿ ಎಲಿಅಡಿಕಿ ಹಾಕ್ಕೋತ ಕುಂತಾಗ ನಾ ಸುಮ್ಮನ ಕೇಳಿದೆ, ಮಾಮಾ ಹಡಗ ಹೊಯ್ದಾಡೂ ಮುಂದ ತೋಪಿನ ಗುರಿ ಹೆಂಗ ಹಿಡೀತಿದ್ರಿ ಅಂತ. ಅದಕ್ಕ ಅಂವ, "ಈಗೆಲ್ಲಾ ಮಷೀನ ಹಿಡೀತೈತಿ, ಮೊದಲ ಮನಶ್ಯಾರು ಹಿಡೀತಿದ್ರು, ಅದನ್ನ ಕಲಿಸಿದಾಂವ ಪರ್ಸಿ ಸ್ಕಾಟ್ ಅಂತ ಒಬ್ಬ ಇಂಗ್ಲಿಷ್ ಆಫೀಸರ. ನೀ ಮಾಸ್ತರಿಕಿ ಮಾಡಿದಾಂವ, ಅವನ ಬಗ್ಗೆ ಓದು, ನಿನಗ ಹಿಡಸ್ತೈತಿ" ಅಂದ.

ಓದಿದೆ. ಒಂದು ತಿಂಗಳು ಅದರಾಗನ ಮುಳುಗಿ ಹೋದೆ. 32 ವರ್ಷ ಐಟಿಐ ಹುಡುಗ್ರಿಗೆ ಫಿಟ್ಟರ್ ಟ್ರೇಡ್ ಕಲಿಸಿ ಈಗ ಹುಬ್ಬಳ್ಳ್ಯಾಗ ನಿವೃತ್ತಿ ತಗೊಂಡು ಕುಂತ ನನಗ, ನೂರು ವರ್ಷದ ಹಿಂದಿನ ಒಬ್ಬ ತೋಪಿನ ಆಫೀಸರನ ಕಥಿ ಇಷ್ಟು ಯಾಕ ನಾಟಿತು ಅನ್ನೋದು ಇದನ್ನ ಪೂರಾ ಓದಿದ್ರ ನಿಮಗ ತಿಳೀತೈತಿ.

ಸ್ಕಾಟ್ ಹುಟ್ಟಿದ್ದು 1853ರಾಗ. 1866ರಾಗ, ಹದಿಮೂರು ವರ್ಷಕ್ಕ, ಕೆಡೆಟ್ ಆಗಿ ಬ್ರಿಟಿಷ್ ನೇವಿ ಸೇರಿದ. ಪೋರ್ಟ್ಸ್‌ಮತ್ ಬಂದರದಾಗ ಎಚ್‌ಎಂಎಸ್ ಎಕ್ಸಲೆಂಟ್ ಅನ್ನೋ ಗನ್ನರಿ ಸ್ಕೂಲ್ ಇತ್ತು, ಅಲ್ಲಿ ಕಲತು ಅಲ್ಲೇ ಕಲಿಸಾಕ ನಿಂತ. ಆಗ ಆ ಸ್ಕೂಲ್ ನಡೀತಿದ್ದಿದ್ದು ಹಳೇ ಕಟಗಿ ಹಡಗದಾಗ. ಅದರ ಬಾಜೂಕ ವೇಲ್ ಐಲ್ಯಾಂಡ್ ಅಂತ ಒಂದು ಕೆಸರಿನ ದಿಬ್ಬ, ಬಂದರ ಅಗದ ಮಣ್ಣೆಲ್ಲಾ ತಂದು ಸುರದು ಸುರದು ದ್ವೀಪ ಆಗಿದ್ದು. ಆ ಮಣ್ಣಿನ ಮ್ಯಾಲೆ ಒಂದು ಚೊಲೋ ಸ್ಕೂಲ್ ಕಟ್ಟಬಹುದು ಅಂತ ಹಟ ಹಿಡದವರಾಗ ಸ್ಕಾಟ್ ಒಬ್ಬ, ಕೈದಿಗಳ ಕಡೆಯಿಂದ ನೆಲ ಸಮ ಮಾಡಿಸಿ ಕಟ್ಟಿಸೇಬಿಟ್ರು.

ಈಗ ಆ ಕಾಲದ ಬ್ರಿಟಿಷ್ ನೇವಿ ಹೆಂಗಿತ್ತು ಅನ್ನೋದನ್ನ ಹೇಳಬೇಕು. ಜಗತ್ತಿನ್ಯಾಗ ಅದಕ್ಕಿಂತ ದೊಡ್ಡ ನೇವಿ ಇರಲಿಲ್ಲ, ಆದ್ರ ದೊಡ್ಡ ಯುದ್ಧ ನೋಡಿ ಹತ್ತಾರು ವರ್ಷ ಆಗಿತ್ತು, ಹಿಂಗಾಗಿ ದಿನಾ ನಡ್ಯೂ ಕೆಲಸ ಅಂದ್ರ ಹಿತ್ತಾಳಿ ತಿಕ್ಕೂದು, ಡೆಕ್ ತೊಳ್ಯೂದು, ಬಣ್ಣ ಹಚ್ಚೂದು. ಹಡಗ ಫಳಫಳ ಹೊಳದ್ರ ಪ್ರಮೋಷನ್ ಬರ್ತಿತ್ತು, ಆ ಆಸೆಕ್ಕ ಆಫೀಸರ್‌ಗಳು ತಮ್ಮ ಕಿಸೆದಾಗಿನ ರೊಕ್ಕ ಹಾಕಿ ಬಣ್ಣ ತರಸ್ತಿದ್ರು. ತೋಪು ಹಾರಿಸಿದ್ರ ಹೊಗಿ ಹತ್ತಿ ಬಣ್ಣ ಕೆಡ್ತೈತಿ ಅಂತ ಪ್ರಾಕ್ಟೀಸಿಗೆ ಕೊಟ್ಟ ಮದ್ದುಗುಂಡು ಲಗೂನ ಹಾರಿಸಿ ಮುಗಿಸೂದು, ಕೆಲವು ಕಡೆ ಹಂಗ ಸಮುದ್ರಕ್ಕ ಒಗ್ಯೂದೂ ಇತ್ತಂತ.

ಇದನ್ನ ಓದಿದಾಗ ನನಗ ಹೊಟ್ಟ್ಯಾಗ ಸಂಕಟ ಆತು, ಯಾಕಂದ್ರ ನಾನು ನೋಡೀನಿ ಇದನ್ನ. ನಾ ಕೆಲಸ ಮಾಡಿದ ಒಂದು ಸಂಸ್ಥೆಯಾಗ ಇನ್ಸ್‌ಪೆಕ್ಷನ್ ಐತಿ ಅಂದ್ರ ಎರಡು ವಾರ ಮೊದಲನ ಹುಡುಗ್ರ ಕೈಯಾಗಿನ ಫೈಲ್, ಅಂದ್ರ ಕಬ್ಬಣ ತಿಕ್ಕೂ ಅರ, ಕಸಗೊಂಡು ಬ್ರಶ್ ಕೊಡ್ತಿದ್ರು, ಲೇಥಿಗೆ ಹಸರು ಬಣ್ಣ, ಕಬ್ಬಣ ಬಿಗಿಹಿಡ್ಯೂ ವೈಸಿಗೆ ನೀಲಿ ಬಣ್ಣ, ನೆಲಕ್ಕ ಹಳದಿ ಗೆರಿ, ಆ ಎರಡು ವಾರ ಒಬ್ಬ ಹುಡುಗನೂ ಒಂದು ಜಾಬ್ ಮುಗಸ್ತಿರಲಿಲ್ಲ. ಹಳ್ಳಿಯಿಂದ ಬಸ್ ಪಾಸ್ ಮಾಡಿಸಿಕೊಂಡು ಕಲ್ಯಾಕಂತ ಬಂದ ಹುಡುಗ್ರು ಅವು. ಒಮ್ಮೆ ನಾನು ನನ್ನ ಬ್ಯಾಚಿನ ಹುಡುಗ್ರನ್ನ ಬಣ್ಣಕ್ಕ ಕಳಸೂದಿಲ್ಲ, ಅವರಿಗೆ ಪರೀಕ್ಷಾ ಬಂದೈತಿ ಅಂದೆ, ಮರುದಿನ ಮೆಮೊ ಬಂತು. ಇವತ್ತಿಗೂ ಆ ಸಿಟ್ಟು ಹೋಗಿಲ್ಲ.

ಇರಲಿ, ಕಥಿಗೆ ಬರೋಣು. 1896ರಾಗ ಸ್ಕಾಟ್ ಎಚ್‌ಎಂಎಸ್ ಸಿಲ್ಲಾ ಅನ್ನೋ ಕ್ರೂಸರಿಗೆ ಕ್ಯಾಪ್ಟನ್ ಆಗಿ ಮೆಡಿಟರೇನಿಯನ್ ಸಮುದ್ರಕ್ಕ ಹೋದ. ಆಗಿನ ಪದ್ಧತಿ ಏನಂದ್ರ ಥೇಟ್ ನಮ್ಮ ಜೋಕಾಲಿ ಪದ್ಧತಿ. ತೋಪನ್ನ ಒಂದು ಎತ್ತರಕ್ಕ ಇಟ್ಟುಬಿಡೂದು, ಹಡಗ ಹೊಯ್ದಾಡಿ ತೋಪಿನ ಬಾಯಿ ಟಾರ್ಗೆಟಿನ ಸಮಕ್ಕ ಬರೂದನ್ನ ಕಾಯೂದು, ಬಂತು ಅನ್ನೂದ್ರಾಗ ಹಾರಿಸೂದು. ಕಣ್ಣಿಗೆ ಕಂಡಿದ್ದು ಬೆರಳಿಗೆ ಮುಟ್ಟೂದ್ರಾಗ ಒಂದು ಗಳಿಗಿ ಹೋಗೇ ಹೋಗ್ತೈತಿ, ಆ ಗಳಿಗಿ ಒಬ್ಬೊಬ್ಬರಿಗೆ ಒಂದೊಂಥರಾ. ಟಾರ್ಗೆಟ್ ಇರ್ತಿದ್ದಿದ್ದು 1,400ರಿಂದ 1,600 ಗಜ ದೂರ, ಅಂದ್ರ ಹೆಚ್ಚಂದ್ರ ಒಂದೂವರೆ ಕಿಲೋಮೀಟರ್, ಅಷ್ಟು ಹತ್ತಿರ ಇದ್ರೂ ಮೂರು ಗುಂಡು ಹಾರಿಸಿದ್ರ ಒಂದು ಬಡದ್ರ ಬಡೀತು ಅನ್ನೂವಂಗಿತ್ತು ಇಡೀ ನೇವಿಯ ಲೆಕ್ಕ.

1898ರಾಗ ಒಂದಿನ ಸಮುದ್ರ ಭಾಳ ಹೊಯ್ದಾಡ್ತಿತ್ತು, ಸಿಲ್ಲಾದ ಸೇಲರ್‌ಗಳೆಲ್ಲಾ ಗುರಿ ತಪ್ಪಿಸಿದ್ರು, ಒಬ್ಬನ್ನ ಬಿಟ್ಟು. ಬ್ಯಾರೆ ಕ್ಯಾಪ್ಟನ್ ಆಗಿದ್ರ ಅವನ ಬೆನ್ನು ಚಪ್ಪರಿಸಿ ಬಹುಮಾನ ಕೊಟ್ಟು ಮುಂದಿನ ಕೆಲಸಕ್ಕ ಹೋಗ್ತಿದ್ದ. ಸ್ಕಾಟ್ ಹೋಗಲಿಲ್ಲ, ಅಂವ ಆ ಸೇಲರನ ಬಾಜೂಕ ನಿಂತು ಅವನ ಕೈ ನೋಡಿದ. ನೋಡಿದ್ರ ಆ ಹುಡುಗ ತೋಪನ್ನ ಏರಿಳಿಸೂ ಹ್ಯಾಂಡ್‌ವೀಲನ್ನ ಸುಮ್ಮನ ಬಿಟ್ಟಿರಲೇ ಇಲ್ಲ. ಹಡಗ ಮ್ಯಾಲೆ ಎದ್ದಾಗ ತೋಪು ಕೆಳಗ, ಹಡಗ ಕೆಳಗ ಹೋದಾಗ ತೋಪು ಮ್ಯಾಲೆ, ಹಿಂಗ ತಿರುಗಿಸ್ಕೋತ, ಟಾರ್ಗೆಟ್ ಮ್ಯಾಲಿಂದ ಕಣ್ಣು ಸರಿಸದಂಗ ಕುಂತಿದ್ದ. ಹಂಗ ಮಾಡ್ತೀನಿ ಅನ್ನೋದು ಅವನಿಗೇ ಪೂರಾ ಗೊತ್ತಿದ್ದಂಗ ಇರಲಿಲ್ಲ, ಯಾರೂ ಕಲಿಸಿದ್ದೂ ಇರಲಿಲ್ಲ.

ಇಷ್ಟ ನೋಡ್ರಿ. ಇಡೀ ನೇವಿಯ ತೋಪಿನ ವಿದ್ಯೆ ಬದಲಾಗಿದ್ದು ಇಷ್ಟರಿಂದ.

ಒಬ್ಬ ಮಾಡಿದ್ದನ್ನ ಎಲ್ಲಾರೂ ಮಾಡಬೇಕಂದ್ರ ಏನೇನು ಬೇಕು ಅಂತ ಸ್ಕಾಟ್ ಲೆಕ್ಕ ಹಾಕಿದ. ಹ್ಯಾಂಡ್‌ವೀಲಿನ ಗೇರ್ ಬದಲಿ ಮಾಡಿ ತೋಪು ಲಗೂ ಏರಿಳಿಯೂವಂಗ ಮಾಡಿದ. ಟೆಲಿಸ್ಕೋಪ್ ಮೊದಲನ ಇತ್ತು, ಆದ್ರ ತೋಪು ಹಾರಿದ ಕೂಡ್ಲೆ ಹಿಂದಕ್ಕ ಜಿಗದು ಕಣ್ಣಿಗೆ ಬಡೀತಿತ್ತು, ಯಾವ ಸೇಲರ್ ಅದಕ್ಕ ಕಣ್ಣು ಇಟ್ಟಾನು? ಅದನ್ನ ತೋಪಿನ ಕೂಡ ಹಿಂದಕ್ಕ ಜಿಗೀದಂಗ ಕೂಡಿಸಿದ. ದೊಡ್ಡ ತೋಪಿನ ನಳಿಗಿಯೊಳಗ ಸಣ್ಣ ರೈಫಲ್ ಕೂಡಿಸಿ, ಎದುರಿಗೆ ಮ್ಯಾಲೆ ಕೆಳಗ ಓಡಾಡೂ ಸಣ್ಣ ಟಾರ್ಗೆಟ್ ಇಟ್ಟು, ದಿನಾ ಪ್ರಾಕ್ಟೀಸ್ ಮಾಡಿಸಿದ.

ನನಗ ಭಾಳ ಹಿಡಿಸಿದ್ದು ಅಂವ ಮಾಡಿದ ಡಾಟರ್ ಅನ್ನೋ ಸಾಮಾನು. ತೋಪಿನ ಬಾಯಿ ಮುಂದ ಒಂದು ಕಾರ್ಡ್, ಅದರ ಮ್ಯಾಲೆ ಸಣ್ಣ ಗುರಿ ಬರದಿರ್ತಾರ, ಆ ಕಾರ್ಡ್ ಹಡಗದ ಹೊಯ್ದಾಟದಂಗ ಏರಿಳೀತೈತಿ, ಸೇಲರ್ ಹ್ಯಾಂಡ್‌ವೀಲ್ ತಿರುಗಿಸ್ಕೋತ ಗುರಿ ಹಿಡದು ಟ್ರಿಗರ್ ಒತ್ತಿದ್ರ ಒಂದು ಪೆನ್ಸಿಲ್ ಬಂದು ಕಾರ್ಡಿನ ಮ್ಯಾಲೆ ಚುಕ್ಕಿ ಇಡ್ತೈತಿ. ಅಷ್ಟ ಅದು. ಮದ್ದು ಬ್ಯಾಡ, ಗುಂಡು ಬ್ಯಾಡ, ಬಂದರದಾಗ ನಿಂತಲ್ಲೇ ಸಾವಿರ ಸಲ ಹಾರಿಸಬಹುದು, ಸಾವಿರ ಸಲಾನೂ ತಪ್ಪಿದ್ದೆಲ್ಲಿ ಅನ್ನೋದು ಹುಡುಗಗ ತನ್ನ ಕಣ್ಣಿಲೆ ಕಾಣ್ತೈತಿ. ಕಲಸೂ ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತಾಗ್ತೈತಿ. "ತಪ್ಪ ಮಾಡೀಯೋ" ಅಂತ ಮಾಸ್ತರ್ ಹತ್ತು ಸಲ ಒದರೂದಕ್ಕಿಂತ ಆ ಒಂದು ಚುಕ್ಕಿ ಹೆಚ್ಚು ಕಲಸ್ತೈತಿ. ಗುಂಡು ತುಂಬೂ ಹುಡುಗ್ರಿಗೂ ಬ್ಯಾರೆ ಸಾಮಾನು ಮಾಡಿಸಿದ, ಖಾಲಿ ಗುಂಡು ತುಂಬಿ ತುಂಬಿ ಕೈ ಕೂಡಿಸ್ಲಿ ಅಂತ.

1899ರಾಗ ಸಿಲ್ಲಾ 70 ಗುಂಡು ಹಾರಿಸಿ 56 ಹೊಡೀತು. ನೂರಕ್ಕ ಎಂಬತ್ತು. ಹುಡುಗ್ರು ಅವರೇ, ತೋಪು ಅವೇ. ಸುಳ್ಳು ಲೆಕ್ಕ ಅಂತ ಮಾತಾಡಿದವರೂ ಇದ್ರು. ಮುಂದ ಎಚ್‌ಎಂಎಸ್ ಟೆರಿಬಲ್ ಅನ್ನೋ ದೊಡ್ಡ ಕ್ರೂಸರಿಗೆ ಹೋಗಿ ಅಲ್ಲೂ ಹಂಗ ಮಾಡಿ ತೋರಿಸಿದ ಮ್ಯಾಲೆ ಬಾಯಿ ಮುಚ್ಚಿದ್ರು.

ಟೆರಿಬಲ್ ತಗೊಂಡು ಅಂವ ಮೊದಲು ಹೋಗಿದ್ದು ದಕ್ಷಿಣ ಆಫ್ರಿಕಾಕ್ಕ, 1899ರ ಬೋಯರ್ ಯುದ್ಧಕ್ಕ. ಬೋಯರ್‌ರು ಅಂದ್ರ ಅಲ್ಲಿ ನೆಲಿಸಿದ ಡಚ್ ಮೂಲದವರು, ಅವರ ಕಡೆ ದೂರ ಹೊಡ್ಯೂ ದೊಡ್ಡ ತೋಪು ಇದ್ವು, ಬ್ರಿಟಿಷರ ಭೂಸೇನೆ ಕಡೆ ಅಷ್ಟು ದೂರ ಮುಟ್ಟೂದು ಒಂದೂ ಇರಲಿಲ್ಲ. ಹಡಗದಾಗ ಇದ್ವು, ಆದ್ರ ಹಡಗದ ತೋಪಿಗೆ ಗಾಲಿ ಎಲ್ಲಿಂದ? ಸ್ಕಾಟ್ ಸೈಮನ್ಸ್ ಟೌನ್ ಡಾಕ್‌ಯಾರ್ಡಿನ್ಯಾಗ ಕುಂತು ದೊಡ್ಡ ದೊಡ್ಡ ಕಟಗಿ ತೊಲಿ, ಎತ್ತಿನ ಬಂಡಿ ಗಾಲಿ, ಏನು ಸಿಕ್ತೋ ಅದನ್ನ ಜೋಡಿಸಿ ಎರಡ್ಮೂರು ದಿನದಾಗ ಹಡಗದ ತೋಪು ನೆಲದ ಮ್ಯಾಲೆ ನಿಂದರೂವಂಗ ಮಾಡಿದ. ಅವು ರೈಲಿನ್ಯಾಗ ಲೇಡಿಸ್ಮಿತ್ ಊರು ಮುಟ್ಟಿದ್ದು ಅಕ್ಟೋಬರ್ 30ಕ್ಕ, ಮುಂದ ಮೂರು ನಾಕು ದಿನಕ್ಕ ಊರಿಗೆ ಮುತ್ತಿಗಿ ಬಿತ್ತು, 118 ದಿನದ ಮುತ್ತಿಗಿ. ಆಮ್ಯಾಲೆ ಇಂವ ಡರ್ಬನ್ ಊರಿನ ಕಮಾಂಡೆಂಟ್ ಆದ. ಮುತ್ತಿಗಿ ಒಳಗಿನವರ ಕೂಡ ಮಾತಾಡಾಕ ರೈಲ್ವೆ ಟ್ರಕ್ಕಿನ ಮ್ಯಾಲೆ ಹಡಗದ ಸರ್ಚ್‌ಲೈಟ್ ಕೂಡಿಸಿ, ಅದರ ಮುಂದ ತಗದು ಮುಚ್ಚೂ ಪಟ್ಟಿ ಹಾಕಿ, ರಾತ್ರಿ ಬೆಳಕಿನ ಸಂಕೇತ ಕಳಸೂವಂಗ ಮಾಡಿಸಿದ. ಹುಬ್ಬಳ್ಳಿ ವರ್ಕ್‌ಶಾಪಿನ ಹುಡುಗ್ರಿಗೆ ಈ ಮಾತು ಹೇಳಿದ್ರ ಕಣ್ಣರಳಿಸಿ ಕೇಳ್ತಾವ. ಇದೇ ಯುದ್ಧದಾಗ, ಈ ಡರ್ಬನ್, ಲೇಡಿಸ್ಮಿತ್ ಇದ್ದ ನಟಾಲ್ ಪ್ರಾಂತದಾಗ, ಗಾಂಧೀಜಿ ಇಂಡಿಯನ್ ಆಂಬುಲೆನ್ಸ್ ಕೋರ್ ಕಟ್ಟಿ ಗಾಯ ಆದವರನ್ನ ಹೊತ್ತುಕೊಂಡು ಮೈಲುಗಟ್ಟಲೆ ನಡದಿದ್ದು. ಒಬ್ಬ ತೋಪಿಗೆ ಗಾಲಿ ಕಟ್ಟಿಸ್ಯಾನ, ಇನ್ನೊಬ್ಬ ಡೋಲಿ ಹೊತ್ತಾನ.

ಇಲ್ಲಿ ಒಂದು ಮಾತು ಹೇಳದ ಮುಂದ ಹೋದ್ರ ನನಗ ಸಮಾಧಾನ ಇಲ್ಲ. ಈ ತೋಪುಗಳು ಯಾರನ್ನ ಕೆಳಗ ಒತ್ತಿ ಹಿಡ್ಯಾಕ ಇದ್ವು ಅನ್ನೋದು ನಮಗ ಗೊತ್ತೈತಿ, ನಮ್ಮ ಹಿರಿಯರನ್ನೂ ಹಿಡದಿದ್ವು. ಅದರ ಬಗ್ಗೆ ನನಗ ಮರವು ಇಲ್ಲ. ಆದ್ರ ಕಲಿಸೂ ಬಗೆ ಒಂದು ಬ್ಯಾರೆ ವಿದ್ಯೆ, ಅದು ಎಲ್ಲಿ ಕಂಡ್ರೂ ನಾನು ಕಲೀತೀನಿ.

1900ರಾಗ ಟೆರಿಬಲ್ ಚೀನಾ ಕಡೆ ಹೋತು. ಅಲ್ಲಿ ವಿಲಿಯಂ ಸಿಮ್ಸ್ ಅನ್ನೋ ಅಮೆರಿಕನ್ ಲೆಫ್ಟಿನೆಂಟ್ ಸ್ಕಾಟ್‌ನ ಗೆಳೆಯ ಆದ, ಎಲ್ಲಾ ಕಲತು ತನ್ನ ನೇವಿಗೆ ಮ್ಯಾಲಿಂದ ಮ್ಯಾಲೆ ರಿಪೋರ್ಟ್ ಬರದ, ವಾಷಿಂಗ್ಟನ್ನಿನ್ಯಾಗ ಯಾರೂ ಕಿವಿ ಕೊಡಲಿಲ್ಲ. ಕಡೀಗೆ ಪರೀಕ್ಷಾ ಮಾಡಿ ನೋಡಿ "ಇದು ಆಗದ ಮಾತು, ಇಷ್ಟು ಭಾರದ ತೋಪು ಅಷ್ಟು ಲಗೂ ಏರಿಳಿಸಾಕ ಮನಶ್ಯಾನ ಕೈಲೆ ಆಗೂದಿಲ್ಲ" ಅಂತ ಷರಾ ಬರದ್ರು. ಪರೀಕ್ಷಾ ಮಾಡಿದ್ದೆಲ್ಲಿ ಅಂದ್ರ ಗಟ್ಟಿ ನೆಲದ ಮ್ಯಾಲೆ! ಹಡಗ ಹೊಯ್ದಾಡೂ ಮುಂದ ತೋಪಿನ ಭಾರ ತಾನು ಇದ್ದಲ್ಲೇ ಇರಾಕ ನೋಡ್ತೈತಿ, ಹಿಂಗಾಗಿ ಕೈಗೆ ಕೆಲಸ ಕಡಿಮಿ, ನೆಲದ ಮ್ಯಾಲೆ ಪೂರಾ ಭಾರ ಕೈ ಎತ್ತಬೇಕು. ಸಿಮ್ಸ್ ಸೀದಾ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್‌ಗ ಪತ್ರ ಬರದ, ಲೆಫ್ಟಿನೆಂಟ್ ಒಬ್ಬ ಹಂಗ ಬರ್ಯೂದಂದ್ರ ನೌಕರಿ ಕಳಕೊಳ್ಳೂ ಧೈರ್ಯ ಬೇಕು. ರೂಸ್ವೆಲ್ಟ್ 1902ರಾಗ ಅವನನ್ನ ಕರಸಿ ಅಮೆರಿಕನ್ ನೇವಿಯ ಗುರಿ ಕಲಸೂ ಜವಾಬ್ದಾರಿ ಕೊಟ್ಟ.

ಸ್ಕಾಟ್ 1903ರಾಗ ಎಕ್ಸಲೆಂಟ್ ಸ್ಕೂಲಿನ ಮುಖ್ಯಸ್ಥ ಆದ, 1905ರಾಗ ಇಡೀ ನೇವಿಯ ಟಾರ್ಗೆಟ್ ಪ್ರಾಕ್ಟೀಸಿಗೆ ಇನ್ಸ್‌ಪೆಕ್ಟರ್ ಆದ. ಅಲ್ಲಿಗೆ ಕಥಿ ಸುಖವಾಗಿ ಮುಗೀಬೇಕಿತ್ತು, ಆದ್ರ ಬಣ್ಣ ಮತ್ತ ಅಡ್ಡ ಬಂತು.

1907ರ ನವೆಂಬರ್. ಸ್ಕಾಟ್ ಆಗ ಅಡ್ಮಿರಲ್, ಅವನ ಮ್ಯಾಲೆ ಲಾರ್ಡ್ ಚಾರ್ಲ್ಸ್ ಬೆರೆಸ್‌ಫರ್ಡ್ ಅನ್ನೋ ಇನ್ನೂ ದೊಡ್ಡ ಅಡ್ಮಿರಲ್. ಜರ್ಮನಿಯ ಚಕ್ರವರ್ತಿ ಕೈಸರ್ ಬರೂವಂವ ಇದ್ದ, ಪ್ರಾಕ್ಟೀಸ್ ಬಿಟ್ಟು ಹಡಗಕ್ಕ ಬಣ್ಣ ಹಚ್ಚರಿ ಅಂತ ಹುಕುಂ ಬಂತು. ರಾಕ್ಸ್‌ಬರ್ಗ್ ಅನ್ನೋ ಹಡಗದವರು ತೋಪಿನ ಪ್ರಾಕ್ಟೀಸ್ ಮುಗಸ್ತೀವಿ ಅಂತ ಅಪ್ಪಣಿ ಕೇಳಿದ್ರ ಸ್ಕಾಟ್ ಕಳಿಸಿದ ಸಿಗ್ನಲ್ಲಿನ ಅರ್ಥ, ಗನ್ನರಿಗಿಂತ ಬಣ್ಣಕ್ಕ ಬೇಡಿಕಿ ಹೆಚ್ಚಿದ್ದಂಗ ಕಾಣ್ತೈತಿ, ಬಂದು ಚಂದ ಕಾಣೂವಂಗ ಆಗ್ರಿ ಅಂತ. ಬೆರೆಸ್‌ಫರ್ಡ್‌ಗ ಇದು ಗೊತ್ತಾಗಿ ಕೆಂಡ ಆದ, ಸ್ಕಾಟ್‌ನ ಕರಸಿ ಬೈದು, ಸಾಲದ್ದಕ್ಕ ಇಡೀ ಫ್ಲೀಟಿಗೆ ತಿಳಿಯೂವಂಗ ಸಿಗ್ನಲ್ ಹಾಕಿಸಿ ಮರ್ಯಾದಿ ತಗದ. 1909ರ ಆಚೆ ಸ್ಕಾಟ್‌ಗ ಸಮುದ್ರದ ಮ್ಯಾಲೆ ಮತ್ತ ಹುದ್ದೆ ಸಿಗಲೇ ಇಲ್ಲ. ಸ್ಕಾಟ್‌ನ ನಾಲಿಗಿ ಹರಿತ ಇತ್ತು ಅನ್ನೋದು ಖರೆ, ಮ್ಯಾಲಿನವರ ಕೂಡ ಹೊಂದಿಕೊಂಡು ಹೋಗೂ ಗುಣ ಅವನಾಗ ಇರಲಿಲ್ಲ. ಆದ್ರ ಆ ಸಿಗ್ನಲ್ಲಿನ್ಯಾಗ ಸುಳ್ಳು ಏನಿತ್ತು ಹೇಳ್ರಿ? ನನಗ ಬಂದ ಮೆಮೊ ಇನ್ನೂ ಟ್ರಂಕಿನ್ಯಾಗ ಐತಿ, ಆವತ್ತು ಅದನ್ನ ತಗದು ಇನ್ನೊಮ್ಮೆ ಓದಿದೆ.

ಅಧಿಕಾರ ಹೋದ್ರೂ ಕೆಲಸ ಬಿಡಲಿಲ್ಲ. ಆ ಹೊತ್ತಿಗೆ ತೋಪು ಬೆಳದು ಮೈಲುಗಟ್ಟಲೆ ದೂರ ಹೊಡ್ಯಾಕ ಹತ್ತಿದ್ವು, ಒಬ್ಬೊಬ್ಬ ಸೇಲರ್ ತನ್ನ ತನ್ನ ತೋಪಿನಿಂದ ನೋಡಿದ್ರ ಹೊಗಿ, ನೀರಿನ ತುಂತುರು, ಏನೂ ಕಾಣ್ತಿರಲಿಲ್ಲ. ಸ್ಕಾಟ್ ಹೇಳಿದ್ದೇನು ಅಂದ್ರ, ಹಡಗದ ಮುಂದಿನ ಕಂಬದ ಮ್ಯಾಲೆ ಎತ್ತರದಾಗ ಒಬ್ಬನ್ನ ಕುಂಡ್ರಸ್ರಿ, ಅಂವ ಒಬ್ಬನ ಗುರಿ ಹಿಡೀಲಿ, ಅವನ ಗುರಿ ಕರೆಂಟಿನ ಮೂಲಕ ಎಲ್ಲಾ ತೋಪಿಗೂ ಮುಟ್ಟಲಿ, ಅವು ಅದರಂಗ ತಿರುಗಲಿ, ಅಂವ ಒತ್ತಿದ್ರ ಎಲ್ಲಾ ಒಂದ ಸಲಕ್ಕ ಹಾರಲಿ. ಇದಕ್ಕ ಡೈರೆಕ್ಟರ್ ಫೈರಿಂಗ್ ಅಂತ ಹೆಸರು. ವರ್ಷಗಟ್ಟಲೆ ಬ್ಯಾಡ ಬ್ಯಾಡ ಅಂದ್ರು. ಜಾನ್ ಜೆಲಿಕೋ ಅನ್ನೋ ಅಡ್ಮಿರಲ್ ಬೆನ್ನಿಗೆ ನಿಂತಿದ್ದಕ್ಕ 1912ರ ನವೆಂಬರಿನ್ಯಾಗ ಒಂದು ಪಂದ್ಯ ನಡೀತು. ಥಂಡರರ್ ಅನ್ನೋ ಹಡಗಕ್ಕ ಡೈರೆಕ್ಟರ್ ಇತ್ತು, ಅದರ ಜೋಡಿ ಹಡಗ ಓರಿಯನ್‌ಗ ಇರಲಿಲ್ಲ, ಎರಡಕ್ಕೂ ಹತ್ತತ್ತು ತೋಪು, ದೂರ 9,000 ಗಜ, ಸುಮಾರು 8 ಕಿಲೋಮೀಟರ್. ಮೂರೂವರೆ ನಿಮಿಷದಾಗ ಥಂಡರರ್ ಆರು ಪಟ್ಟು ಹೆಚ್ಚು ಹೊಡೀತು. ಅಷ್ಟಾದ್ರೂ 1914ರಾಗ ಮೊದಲ ಮಹಾಯುದ್ಧ ಶುರು ಆದಾಗ ಬರೇ 8 ಬ್ಯಾಟಲ್‌ಶಿಪ್‌ಗೆ ಡೈರೆಕ್ಟರ್ ಇತ್ತು. 1916ರ ಮೇ 31ಕ್ಕ ಬ್ರಿಟಿಷ್ ಮತ್ತ ಜರ್ಮನ್ ನೇವಿ ನಡುವ ಜಟ್‌ಲ್ಯಾಂಡ್ ಕದನ ನಡ್ಯೂ ಹೊತ್ತಿಗೆ ಎರಡು ಬಿಟ್ಟು ಬಾಕಿ ಎಲ್ಲಾ ಬ್ಯಾಟಲ್‌ಶಿಪ್‌ಗೂ ಹಾಕಿದ್ರು. ಅವತ್ತು ದೊಡ್ಡ ಹಡಗಗಳ ಮೊದಲ ಗುಂಡು ಹಾರಿದ್ದು ಸುಮಾರು 14 ಕಿಲೋಮೀಟರ್ ದೂರದಿಂದ, ಧಾರವಾಡದಾಗ ನಿಂತು ನವನಗರದ ಆಚೆ ಹೊಡದಂಗ.

ಇನ್ನೊಂದು ಸಂಗತಿ. 1914ರ ಜೂನಿನ್ಯಾಗ, ಯುದ್ಧಕ್ಕ ಎರಡು ತಿಂಗಳ ಮೊದಲು, ಇಡೀ ಜನ್ಮ ತೋಪಿಗೆ ಕೊಟ್ಟ ಈ ಮನಶ್ಯಾ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಪತ್ರ ಬರದ: ಸಬ್‌ಮರೀನ್ ಮತ್ತ ವಿಮಾನ ಬಂದಾವ, ಇನ್ನ ದೊಡ್ಡ ಬ್ಯಾಟಲ್‌ಶಿಪ್ ಕಟ್ಟೂದು ಬಿಡ್ರಿ ಅಂತ. ತಾ ಕಟ್ಟಿದ ವಿದ್ಯೆ ತನ್ನ ಕಣ್ಣ ಮುಂದ ಹಳೇದಾಗೂದನ್ನ ಒಪ್ಪಿಕೊಳ್ಳೂದು ಸಣ್ಣ ಮಾತಲ್ಲ. ಹಳೇ ಅಡ್ಮಿರಲ್‌ಗಳೆಲ್ಲಾ ಮೈಮ್ಯಾಲೆ ಬಂದ್ರು. ಸೆಪ್ಟೆಂಬರ್ 22ಕ್ಕ ಒಂದೇ ಒಂದು ಜರ್ಮನ್ ಸಬ್‌ಮರೀನ್ ಒಂದು ಮುಂಜಾನೆ ಮೂರು ಬ್ರಿಟಿಷ್ ಕ್ರೂಸರ್ ಮುಳುಗಿಸ್ತು, ಸುಮಾರು 1,450 ಜನ ಹೋದ್ರು. ಅದೇ ದಿನ ರಾತ್ರಿ ಈ ಕಡೆ ನಮ್ಮ ದೇಶದಾಗ ಜರ್ಮನಿಯ ಎಂಡನ್ ಹಡಗ ಮದ್ರಾಸಿಗೆ ಬಂದು ನೂರಕ್ಕಿಂತ ಹೆಚ್ಚು ಗುಂಡು ಹಾರಿಸಿ ಎಣ್ಣಿ ಟ್ಯಾಂಕಿಗೆ ಬೆಂಕಿ ಹಚ್ಚಿತು. ಮರುವರ್ಷ ಸ್ಕಾಟ್‌ನ ಮತ್ತ ಕರದು ಜೆಪ್ಪೆಲಿನ್ ಅನ್ನೋ ಜರ್ಮನ್ ವಾಯುನೌಕೆಗಳ ಬಾಂಬಿನಿಂದ ಲಂಡನ್ ಕಾಯೂ ತೋಪಿನ ಕೆಲಸ ಕೊಟ್ರು, 62 ವರ್ಷಕ್ಕ ಮತ್ತ ಮೊದಲಿಂದ ಶುರು ಮಾಡಿದ. 1924ರಾಗ ತೀರಿಕೊಂಡ.

ಇಷ್ಟೆಲ್ಲಾ ಓದಿದ ಮ್ಯಾಲೆ ನನಗ ನಿದ್ದಿಗೆಡಿಸಿದ್ದು ಡೈರೆಕ್ಟರ್ ಅಲ್ಲ, ಜಟ್‌ಲ್ಯಾಂಡ್ ಅಲ್ಲ, ಸಿಲ್ಲಾದ ಆ ಒಬ್ಬ ಸೇಲರ್. ಯಾಕಂದ್ರ ನನ್ನ ಕೈಯಾಗೂ ಅಂಥಾವ ಒಬ್ಬ ಬಂದಿದ್ದ. ಶಿಗ್ಗಾಂವ ಕಡೆ ಹುಡುಗ. ಫಿಟ್ಟರ್ ಟ್ರೇಡಿನ್ಯಾಗ ಮೊದಲನೇ ಕಷ್ಟ ಅಂದ್ರ ಫೈಲ್ ಹೊಡದು ಕಬ್ಬಣ ಸಪಾಟ ಮಾಡೂದು. ಫೈಲ್ ಕೈಯಾಗ ಏತದಂಗ ತೂಗ್ತೈತಿ, ಮುಂದ ಹೋದಾಗ ಮೂತಿ ಕೆಳಗ, ಹಿಂದ ಬಂದಾಗ ಹಿಡಿಕಿ ಕೆಳಗ, ಹಿಂಗಾಗಿ ಜಾಬಿನ ಎರಡೂ ಅಂಚು ಸವದು ನಡುವ ಉಬ್ಬು ನಿಂದರ್ತೈತಿ. ಸಪಾಟ ಬರಾಕ ಉಳದವರಿಗೆ ಮೂರು ನಾಕು ತಿಂಗಳು ಬೇಕು, ಈ ಹುಡುಗ ಎರಡನೇ ವಾರಕ್ಕ, ಸಪಾಟ ಐತೋ ಇಲ್ಲೋ ನೋಡೂ ಟ್ರೈ ಸ್ಕ್ವೇರ್ ಇಟ್ರ ಬೆಳಕು ತೂರದಂಗ ಮಾಡಿಕೊಟ್ಟ. ನಾ ಏನು ಮಾಡಿದೆ? ಶಾಬಾಸ್ ಅಂದೆ, ಎಲ್ಲಾರ ಮುಂದ ಜಾಬ್ ಎತ್ತಿ ತೋರಿಸಿದೆ, ಮಾರ್ಕ್ಸ್ ಕೊಟ್ಟೆ. ಅವನ ಬಾಜೂಕ ನಿಂತು ಅವನ ಕೈ ನೋಡಲಿಲ್ಲ. ಅವನ ಬ್ಯಾಚಿನ್ಯಾಗ ಇಪ್ಪತ್ತು ಹುಡುಗ್ರಿದ್ರು, ಆಮ್ಯಾಲೆ ಎಷ್ಟು ಬ್ಯಾಚ್ ಹೋದ್ವು.

ಹೋದ ವಾರ ಅವನ ನಂಬರ್ ಹುಡುಕಿ ಫೋನ್ ಮಾಡಿದೆ. ಈಗ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಾಗ ಸ್ವಂತ ವರ್ಕ್‌ಶಾಪ್ ಇಟ್ಟಾನ, ಆರು ಮಂದಿಗೆ ಕೆಲಸ ಕೊಟ್ಟಾನ. ಆವಾಗ ಹೆಂಗ ಮಾಡ್ತಿದ್ಯೋ ಅಂತ ಕೇಳಿದ್ರ ಒಂದು ಗಳಿಗಿ ಸುಮ್ಮನಾದ, ಆಮ್ಯಾಲೆ, "ಸರ್, ನಮ್ಮಪ್ಪ ಬಡಿಗ್ಯಾರಲ್ರಿ, ಸಣ್ಣಾಂವ ಇದ್ದಾಗಿಂದ ರಂದಾ ಹೊಡೀತಿದ್ದೆ. ರಂದಾ ಶುರು ಮಾಡೂ ಮುಂದ ಮುಂದಿನ ಕೈಗೆ ಭಾರ, ಮುಗ್ಯೂ ಮುಂದ ಹಿಂದಿನ ಕೈಗೆ ಭಾರ, ಅದನ್ನ ಫೈಲಿಗೂ ಮಾಡ್ತಿದ್ದೆ ಅನ್ನಸ್ತೈತ್ರಿ. ಮತ್ತ ನಾ ಗಿಡ್ಡ ಇದ್ನೆಲ್ರಿ, ವೈಸ್ ಎತ್ತರ ಆಗ್ತಿತ್ತು, ಕಾಲ ಕೆಳಗ ಒಂದು ಹಲಗಿ ಹಾಕ್ಕೋತಿದ್ದೆ, ಮೊಣಕೈ ಸಮಕ್ಕ ಬರ್ಲಿ ಅಂತ. ನೀವು ಬೈತೀರಿ ಅಂತ ನೀವು ಬಂದಾಗ ಸರಿಸಿಬಿಡ್ತಿದ್ನಿರಿ" ಅಂದ.

ಕೈ ಭಾರದ ಮಾತು ನಾನೂ ಕ್ಲಾಸಿನ್ಯಾಗ ಹೇಳ್ತಿದ್ದೆ, ಪುಸ್ತಕದಾಗ ಐತಿ. ರಂದಾ ಹೊಡದಂಗ ಅಂತ ಯಾವತ್ತೂ ಹೇಳಿರಲಿಲ್ಲ. ಆ ಹಲಗಿ ಅಂತೂ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಅವನ ವರ್ಕ್‌ಶಾಪಿಗೆ ಈಗ ಇಬ್ಬರು ಹೊಸ ಹುಡುಗ್ರು ಬಂದಾರಂತ, ಫೈಲ್ ಹಿಡ್ಯಾಕ ಬರೂದಿಲ್ಲಂತ. ಐತವಾರ ಬಾ ಸರ್ ಅಂದಾನ. ಒಂದು ಹಲಗಿ ಕೊಯ್ಸಿಟ್ಟೀನಿ, ಪ್ರಷ್ಯನ್ ಬ್ಲೂ ಅನ್ನೋ ನೀಲಿ ಬಣ್ಣದ ಡಬ್ಬಿ ತಂದಿಟ್ಟೀನಿ, ಪೂರಾ ಸಪಾಟ ಇರೂ ಸರ್ಫೇಸ್ ಪ್ಲೇಟಿಗೆ ಬಳದು ಜಾಬ್ ತಿಕ್ಕಿದ್ರ ಉಬ್ಬು ಎಲ್ಲಿ ಐತಿ ಅನ್ನೋದು ಹುಡುಗಗ ತಾನ ಕಾಣ್ತೈತಿ. ಅವರಿಬ್ಬರಾಗ ಯಾರ ಕೈ ಹೆಂಗ ಹೊಕ್ಕೈತಿ ಅನ್ನೋದನ್ನ ಈ ಸಲ ಬಾಜೂಕ ಸ್ಟೂಲ್ ಹಾಕ್ಕೊಂಡು ಕುಂತು ನೋಡ್ತೀನಿ.